ಬುಧವಾರದ ಡಬ್ಬಿಗಳು

ತನಗೆ ಮನುಷ್ಯರೆಂದರೇ ಆಗುವುದಿಲ್ಲವೇನೋ ಎಂಬ ಅನುಮಾನ ಹಿಲ್ಲೆವಿಗೆ ಬಂದದ್ದು ಭಾನುವಾರ ಮಧ್ಯಾಹ್ನ, ಈರುಳ್ಳಿ ಹೆಚ್ಚುವಾಗ. ಯಾರ ಹತ್ತಿರವೂ ಹೇಳಿಕೊಳ್ಳುವಂಥ ಮಾತಲ್ಲ ಅದು. ಹಾಗಾಗಿ ತನಗೆ ತಾನೇ ಹೇಳಿಕೊಂಡಳು: "ಅವರೆಲ್ಲ ಒಳ್ಳೆಯವರು, ನಂಗೊತ್ತು. ಆದ್ರೂ ಅವರ ಜೊತೆ ಕೂತು ಉಂಡ್ರೆ ನಂಗೆ ಉಂಡ ಹಾಗೇ ಆಗಲ್ಲ." ಕಣ್ಣಿಂದ ನೀರಿಳಿಯಿತು. ಅದರಲ್ಲಿ ಈರುಳ್ಳಿಯ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಬಿಡಿಸಿ ನೋಡುವ ಪುರುಸೊತ್ತಿರಲಿಲ್ಲ. ಹಲಗೆಯ ಪಕ್ಕದಲ್ಲಿ ಇನ್ನೂ ಅರ್ಧ ಚೀಲ ಈರುಳ್ಳಿ ಕಾದು ಕೂತಿತ್ತು.

ಅವಳದು ಒಂದೇ ಕೋಣೆಯ ಮನೆ. ಅಡಿಗೆಮನೆ ಎಂದರೆ ಆ ಕೋಣೆಯ ಒಂದು ಗೋಡೆ, ಅಷ್ಟೆ. ಒಲೆಯ ಮೇಲೆ ಕೆಳಮನೆಯವರಿಂದ ಎರವಲು ತಂದ ಹಂಡೆಯಂಥ ಪಾತ್ರೆ ಕೂತಿತ್ತು. ಅದರ ಹೊಟ್ಟೆಗೆ ಎರಡು ಒಲೆಯ ಜಾಗವೂ ಸಾಲದೆ ಹ್ಯಾಂಡಲ್ಲು ಗೋಡೆಗೆ ಒರಗಿತ್ತು. ಮಾಡಬೇಕಿದ್ದದ್ದು ಸಾಸೇಜಿನ ಸ್ಟ್ರೋಗನಾಫ್. ಸಾಸೇಜನ್ನು ಕಡ್ಡಿ ಕಡ್ಡಿಯಾಗಿ ಸೀಳಿ, ಈರುಳ್ಳಿಯ ಜೊತೆ ಹುರಿದು, ಟೊಮೆಟೊ ಮತ್ತು ಕೆನೆ ಸುರಿದು ಕುದಿಸಿ ಅನ್ನದ ಮೇಲೆ ಹಾಕಿದರೆ ಆಯಿತು. ಬಾಲವಾಡಿಯ ಮಕ್ಕಳಿಂದ ಹಿಡಿದು ವೃದ್ಧಾಶ್ರಮದ ಅಜ್ಜಂದಿರವರೆಗೆ ಈ ಊರಿನಲ್ಲಿ ಯಾರೂ ಬೇಡ ಎನ್ನದ ಅಡಿಗೆ. ಅದಕ್ಕೇ ಅದನ್ನು ಆರಿಸಿಕೊಂಡಿದ್ದಳು. ಯಾರೂ ಬೇಡ ಎನ್ನಬಾರದು, ಯಾರೂ ವಿಶೇಷವಾಗಿ ಹೊಗಳಲೂ ಬಾರದು, ಯಾರ ಬಾಯಲ್ಲೂ ತನ್ನ ಹೆಸರು ಬರಬಾರದು. ಅವಳ ಅಡಿಗೆಯ ಗುರಿ ಅಷ್ಟೇ.

ಹಿಲ್ಲೆವಿ ದೂರದ ಉತ್ತರದ ಚಳಿಸೀಮೆಯ ಹೆರ್ನೊಸಂದ್ ಪಟ್ಟಣದ ಒಂದು ಭೂನಕ್ಷೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಇತಿಹಾಸ ಓದಿದವಳು. ಹಳೆಯ ಹಿಸ್ಸೆ ನಕ್ಷೆಗಳನ್ನು ನೋಡಿಕೊಳ್ಳುವ ಕೆಲಸ ಎಂದು ಖುಷಿಯಿಂದ ಸೇರಿದ್ದಳು. ನಕ್ಷೆಗಳ ಜೊತೆಗೆ ಟೆಲಿಫೋನೂ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಬೆಳಗಿನಿಂದ ಜನ ಫೋನು ಮಾಡುತ್ತಿದ್ದರು: ನಮ್ಮ ಗಡಿಕಲ್ಲು ಎಲ್ಲಿದೆ, ಪಕ್ಕದ ಮನೆಯವನ ದೋಣಿಕಟ್ಟೆ ನಮ್ಮ ನೀರಿಗೆ ಬಂದಿದೆ, ನೀನು ಯಾರ ಕಡೆ. ಎಲ್ಲರಿಗೂ ಮೆಲ್ಲಗೆ ಉತ್ತರ ಹೇಳಿ ಹೇಳಿ ಹನ್ನೆರಡು ಹೊಡೆಯುವ ಹೊತ್ತಿಗೆ ಅವಳೊಳಗೆ ಮಾತೆಂಬುದು ಬತ್ತಿಹೋಗಿರುತ್ತಿತ್ತು. ಆಗ ನಕ್ಷೆಯ ಕಪಾಟುಗಳ ಹಿಂದಿನ ಕಿಟಕಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಎರಡು ತುಂಡು ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ. ಕೆಳಗೆ ಹಿನ್ನೀರಿನ ಮೇಲೆ ಮಂಜುಗಡ್ಡೆ. ಆ ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಏನೂ ಮಾಡುತ್ತಿರಲಿಲ್ಲ. ಬಾವಿಗೆ ನೀರು ಊರುವ ಹಾಗೆ ಸುಮ್ಮನೆ ಕೂತಿರುತ್ತಿದ್ದಳು. ಒಂದು ಗಂಟೆಗೆ ಎದ್ದು ಬಂದರೆ ಸಂಜೆಯವರೆಗೂ ಮತ್ತೆ ಮನುಷ್ಯರ ಜೊತೆ ಮನುಷ್ಯಳಾಗಿ ಇರಬಹುದಿತ್ತು.

ಆ ಗಂಟೆ ಹೋಯಿತು. ತೆಗೆದುಕೊಂಡು ಹೋದವಳು ಗುನ್ವೋರ್.

ಗುನ್ವೋರ್ ಕಚೇರಿಯ ಹಿರಿಯಳು, ನಿವೃತ್ತಿಗೆ ಹತ್ತಿರ ಬಂದವಳು, ದೊಡ್ಡ ದನಿ, ದೊಡ್ಡ ಮನಸ್ಸು. ನವೆಂಬರಿನಲ್ಲಿ ಒಂದು ದಿನ ಯಾವುದೋ ನಕ್ಷೆ ಹುಡುಕುತ್ತ ಕಪಾಟಿನ ಹಿಂದೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಅಯ್ಯೋ ಪುಟ್ಟೀ! ಒಬ್ಬಳೇ ಕೂತು ತಿಂತಿದ್ದೀಯಾ? ಇಲ್ಲಿ? ಈ ಕತ್ತಲೇಲಿ?"

ಕತ್ತಲೇನೂ ಇರಲಿಲ್ಲ. ಕಿಟಕಿ ಇತ್ತು. ಆದರೆ ಗುನ್ವೋರ್‌ಳ ಕಣ್ಣು ಆಗಲೇ ಒದ್ದೆಯಾಗಿತ್ತು. ಮೂರು ಗಂಟೆಯ ಕಾಫಿ ಹೊತ್ತಿಗೆ ಎಲ್ಲರೆದುರು ಘೋಷಣೆಯೇ ಆಯಿತು: "ನಮ್ಮ ಊಟದ ಕೂಟಕ್ಕೆ ಇವತ್ತಿಂದ ಹಿಲ್ಲೆವಿನೂ ಸೇರ್ತಾಳೆ. ಅಲ್ವಾ ಪುಟ್ಟಿ?" ಇಷ್ಟು ಜನ ತಿರುಗಿ ನೋಡುವಾಗ ಹಿಲ್ಲೆವಿಗೆ ಬೇಡ ಎನ್ನಲು ಬರುವುದಿಲ್ಲ. ಈ ಉತ್ತರದ ಸೀಮೆಯವರು ಹೂಂ ಎನ್ನಲು ಬಾಯಿಯನ್ನೂ ತೆರೆಯಬೇಕಿಲ್ಲ, ಉಸಿರನ್ನು ಸುಯ್ಯೆಂದು ಒಳಗೆಳೆದುಕೊಂಡರೆ ಸಾಕು. ಅವಳೂ ಎಳೆದುಕೊಂಡಳು. ಒಂದು ಉಸಿರಿಗೆ ಅವಳ ಮಧ್ಯಾಹ್ನಗಳೆಲ್ಲ ಹೋದವು.

ಕೂಟದ ಕ್ರಮ ಸರಳ. ನಾಲ್ಕು ಜನ, ನಾಲ್ಕು ದಿನ. ಸೋಮವಾರ ಗುನ್ವೋರ್ ನಾಲ್ವರಿಗೂ ಡಬ್ಬಿ ತರುತ್ತಾಳೆ. ಮಂಗಳವಾರ ಅಳತೆ ವಿಭಾಗದ ಸೊಲ್ವೆ. ಬುಧವಾರ ಹಿಲ್ಲೆವಿ. ಗುರುವಾರ ಮೂರು ಮಕ್ಕಳ ತಾಯಿ ಯೂರ್ಸಾ. ಗುರುವಾರವೆಂದರೆ ಇಡೀ ನಾಡಿಗೇ ಹಳದಿ ಬಟಾಣಿ ಸೂಪಿನ ದಿನ, ಬೇರೆ ಮಾತೇ ಇಲ್ಲ. ಶುಕ್ರವಾರ ಫ್ರೀಜರಿನಲ್ಲಿ ಉಳಿದಿದ್ದು. ಒಂದು ದಿನ ಬೇಯಿಸಿದರೆ ಮೂರು ದಿನ ಕೈ ಬೀಸಿಕೊಂಡು ಬರಬಹುದು. ಯಾರಿಗೆ ಹೇಳಿದರೂ "ಎಷ್ಟು ಚೆನ್ನಾಗಿದೆ!" ಎನ್ನುತ್ತಿದ್ದರು. ಹಿಲ್ಲೆವಿಯ ಅಮ್ಮನೂ ಫೋನಿನಲ್ಲಿ ಹಾಗೇ ಅಂದಿದ್ದಳು, ದನಿಯಲ್ಲಿ ನಿರಾಳವಿತ್ತು: "ಸದ್ಯ, ನಾಲ್ಕು ಜನದ ಜೊತೆ ಸೇರಿದ್ಯಲ್ಲ."

ಮೊದಮೊದಲು ಮಂಗಳವಾರ ಸಂಜೆ ಬೇಯಿಸಿ ಬುಧವಾರ ಒಯ್ದರೆ ಆಗುತ್ತಿತ್ತು. ಫೆಬ್ರವರಿಯಲ್ಲಿ ಗುನ್ವೋರ್‌ಗೆ ಹೊಸ ಉಪಾಯ ಹೊಳೆಯಿತು. ತಾನು ಯಾವಾಗಲೂ ಮಾಡುವ ಹಾಗೆ ಎಲ್ಲರೂ ಒಂದು ಭಾನುವಾರ ಕೂತು ಇಡೀ ತಿಂಗಳದ್ದನ್ನು ಬೇಯಿಸಿ ಫ್ರೀಜ್ ಮಾಡಿಬಿಡುವುದು. "ಒಂದು ದಿನ ಸೊಂಟ ಮುರ್ಕೊಂಡ್ರೆ ತಿಂಗಳಿಡೀ ರಾಣಿ ಹಾಗಿರಬಹುದು!" ಎಂದು ಎಲ್ಲರಿಗೂ ನೀಲಿ ಮುಚ್ಚಳದ ಡಬ್ಬಿಗಳನ್ನು ಹಂಚಿದಳು. ಒಂದೇ ಅಳತೆ, ಒಂದರ ಮೇಲೊಂದು ಕೂರುವಂಥವು. ಹಿಲ್ಲೆವಿಯ ಪಾಲಿಗೆ ಹದಿನಾರು.

ಆ ಹದಿನಾರು ಡಬ್ಬಿಗೂ ಹಿಲ್ಲೆವಿಯ ಫ್ರಿಜ್ಜಿಗೂ ಜಾತಕ ಕೂಡಲಿಲ್ಲ. ಅವಳ ಫ್ರಿಜ್ಜಿನ ತಲೆಯಲ್ಲಿ ಫ್ರೀಜರ್ ಎಂಬ ಒಂದು ಗೂಡಿತ್ತು. ಅದರ ಮುಕ್ಕಾಲನ್ನು ಮಂಜೇ ತಿಂದುಹಾಕಿತ್ತು, ಉಳಿದ ಕಾಲುಭಾಗದಲ್ಲಿ ಅಮ್ಮ ಕೊಟ್ಟ ಕಾಡುಹಣ್ಣಿನ ಪೊಟ್ಟಣಗಳಿದ್ದವು. ಡಬ್ಬಿಯನ್ನು ನೇರ ತುರುಕಿದರೂ ಹೋಗಲಿಲ್ಲ, ಓರೆಯಾಗಿ ತುರುಕಿದರೂ ಹೋಗಲಿಲ್ಲ. ಮರದ ಸೌಟಿನಿಂದ ಮಂಜನ್ನು ಬಡಿದಳು. ಸೌಟು ಮುರಿಯಿತು. ಕಚೇರಿಯ ಫ್ರೀಜರಿಗೆ ಒಯ್ಯೋಣವೆಂದರೆ ಅದರ ತುಂಬ ಗುನ್ವೋರ್‌ಳ ದನದ ಮಾಂಸದ ಹುಳಿ ಇಟ್ಟಿಗೆಯಂತೆ ಜೋಡಿಸಿಕೊಂಡಿತ್ತು.

ಸಂಜೆಯಾಯಿತು. ಕೋಣೆಯ ಪರದೆ, ಹಾಸಿಗೆ, ಹೊದಿಕೆ, ಅವಳ ತಲೆಗೂದಲು ಎಲ್ಲವೂ ಈರುಳ್ಳಿ ನಾರುತ್ತಿದ್ದವು. ಒಂದು ಭಾನುವಾರ ಪೂರ್ತಿ ಕರಗಿ ಸಾರಾಗಿತ್ತು. ಹಿಲ್ಲೆವಿ ಬಾಲ್ಕನಿಯ ಬಾಗಿಲು ತೆರೆದು ನೋಡಿದಳು. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ದೇವರು ಇಷ್ಟು ದೊಡ್ಡ ಫ್ರೀಜರ್ ಪುಕ್ಕಟೆ ಕೊಟ್ಟಿರುವಾಗ ತಾನೇಕೆ ಈ ಗೂಡಿನ ಜೊತೆ ಗುದ್ದಾಡಬೇಕು? ಈ ಊರಿನಲ್ಲಿ ಹುಟ್ಟಿದವರೆಲ್ಲ ಚಳಿಗಾಲದಲ್ಲಿ ಬಿಸಿ ಪಾತ್ರೆಯನ್ನು ಬಾಲ್ಕನಿಯಲ್ಲೇ ಆರಿಸುವವರು. ಅವಳ ಅಜ್ಜಿ ಕ್ರಿಸ್ಮಸ್ಸಿನ ಮಾಂಸವನ್ನು ಜಗಲಿಯಲ್ಲೇ ಇಡುತ್ತಿದ್ದಳು. ಹದಿನಾರನ್ನೂ ಹೊರಗೆ ಜೋಡಿಸಿ, ಬಾಲ್ಕನಿಯ ಸುತ್ತಲಿನ ಗಾಜಿನ ತಡಿಕೆಯನ್ನು ಒಂದು ಗೇಣು ಸಂದು ಬಿಟ್ಟು ಎಳೆದು, ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡಳು.

ಸೋಮವಾರ ಮಧ್ಯಾಹ್ನ ಗುನ್ವೋರ್‌ಳ ಹುಳಿ. ಊಟದ ಕೋಣೆಯಲ್ಲಿ ಮೈಕ್ರೋವೇವ್ ಮುಂದೆ ಜನ ಸಾಲುಗಟ್ಟಿದ್ದರು. ಗುನ್ವೋರ್ ನಾಲ್ಕು ಡಬ್ಬಿಯನ್ನೂ ತಾನೇ ಬಿಸಿ ಮಾಡಿ ತಂದು ಒಬ್ಬೊಬ್ಬರ ಮುಂದೆ ಇಟ್ಟಳು. ಮಾಂಸ ಚೆನ್ನಾಗಿಯೇ ಬೆಂದಿತ್ತು. ತೊಂದರೆಯೆಲ್ಲ ಆಲೂಗಡ್ಡೆಯದು. ಬೇಯಿಸಿದ ಆಲೂಗಡ್ಡೆಯನ್ನು ಫ್ರೀಜ್ ಮಾಡಿದರೆ ಅದು ಆಲೂಗಡ್ಡೆಯಾಗಿ ಉಳಿಯುವುದಿಲ್ಲ. ಹಲ್ಲಿಗೆ ಸಿಕ್ಕಿದ ಕೂಡಲೇ ಒದ್ದೆ ಸ್ಪಂಜಿನಂತೆ ಚುಯ್ಯೆಂದು ನೀರು ಬಿಟ್ಟು, ಹಿಂದೆ ಮರಳು ಮರಳಾದ ಏನನ್ನೋ ಉಳಿಸುತ್ತದೆ. ಇದು ಟೇಬಲ್ಲಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು, ಗುನ್ವೋರ್ ಒಬ್ಬಳನ್ನು ಬಿಟ್ಟು.

"ಹೇಗಿದೆ?" ಎಂದಳು ಗುನ್ವೋರ್.

"ಚೆನ್ನಾಗಿದೆ," ಎಂದ ಸೊಲ್ವೆ, ಆಲೂಗಡ್ಡೆಯನ್ನು ನಾಲಿಗೆಯಿಂದ ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸುತ್ತ.

"ಭಾಳ ಚೆನ್ನಾಗಿದೆ," ಎಂದಳು ಯೂರ್ಸಾ. "ಬೆಳಿಗ್ಗೆ ಮೂರು ಬಾಯಿಗೆ ತುರುಕಿ ಬರ್ತೀನಿ, ಮಾರಾಯ್ತಿ. ನನ್ನ ಬಾಯಿಗೆ ಯಾರಾದ್ರೂ ಏನಾದ್ರೂ ಹಾಕಿದ್ರೆ ಸಾಕು, ಕಲ್ಲು ಹಾಕಿದ್ರೂ ಜೀರ್ಣ ಆಗುತ್ತೆ."

"ಕಲ್ಲಾ?"

"ಮಾತಿಗೆ ಹೇಳ್ದೆ ಕಣೆ! ಚೆನ್ನಾಗಿದೆ ಅಂದ್ನಲ್ಲ."

"ಹಿಲ್ಲೆವಿ ಏನೂ ಹೇಳ್ಲಿಲ್ಲ."

ಮೂರೂ ಜನ ಅವಳ ಕಡೆ ನೋಡಿದರು. ಹಿಲ್ಲೆವಿ ಬಾಯಲ್ಲಿದ್ದದ್ದನ್ನು ನುಂಗಿ, "ಚೆನ್ನಾಗಿದೆ," ಎಂದಳು. ಗುನ್ವೋರ್ ಸಂತೋಷದಿಂದ ತನ್ನ ಡಬ್ಬಿಯಿಂದ ಇನ್ನೊಂದು ಆಲೂಗಡ್ಡೆಯನ್ನು ಚಮಚದಲ್ಲೆತ್ತಿ ಅವಳಿಗೆ ಬಡಿಸಿದಳು. "ತಿನ್ನು ಪುಟ್ಟಿ. ಗಾಳಿ ಬೀಸಿದ್ರೆ ಹಾರಿಹೋಗ್ತೀಯ."

ಹೀಗೆ ಒಂದು ಸುಳ್ಳಿಗೆ ಒಂದು ಆಲೂಗಡ್ಡೆ. ಐದು ವರ್ಷದಿಂದ ಈ ಟೇಬಲ್ಲಿನಲ್ಲಿ ಯಾರೂ ನಿಜ ಹೇಳದಿದ್ದರಿಂದ ಐದು ವರ್ಷದಿಂದ ಸೋಮವಾರ ಇದೇ ಹುಳಿ. ಮಾತೂ ಹಾಗೇ, ಬಿಸಿ ಮಾಡಿ ಬಿಸಿ ಮಾಡಿ ಬಡಿಸಿದ್ದು. ಗುನ್ವೋರ್‌ಳ ಮಂಡಿನೋವು, ಯೂರ್ಸಾಳ ಮಗನ ಹಾಕಿ ಪಂದ್ಯ, ಸೊಲ್ವೆಯ ಕಾರಿನ ಟೈರು. ಹಿಲ್ಲೆವಿ ನಗಬೇಕಾದಲ್ಲಿ ನಕ್ಕಳು, ಅಯ್ಯೋ ಎನ್ನಬೇಕಾದಲ್ಲಿ ಅಯ್ಯೋ ಅಂದಳು. ಗೋಡೆಯ ಗಡಿಯಾರದ ಮುಳ್ಳು ಅವಳ ಗಂಟೆಯನ್ನು ಕೆರೆದು ಕೆರೆದು ಚೆಲ್ಲುತ್ತಿತ್ತು. ಇವತ್ತು ಹೇಳಿಯೇ ತೀರುತ್ತೇನೆ ಎಂದುಕೊಂಡಳು.

"ಗುನ್ವೋರ್, ನಾನು ಒಂದು ವಿಷಯ..."

"ಹೇಳು ಪುಟ್ಟಿ!" ಗುನ್ವೋರ್ ಪೂರ್ತಿ ಅವಳತ್ತ ತಿರುಗಿ ಕೂತಳು. ಕೈಯಲ್ಲಿದ್ದ ಫೋರ್ಕನ್ನೂ ಕೆಳಗಿಟ್ಟಳು. ಅಷ್ಟು ಅಕ್ಕರೆಯಿಂದ ಯಾರಾದರೂ ನೋಡಿದರೆ ಮಾತು ಹೊರಬರುವುದಾದರೂ ಹೇಗೆ? ಇಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಎಲ್ಲರಿಗೂ ನೀನು. ಹಿಂದೆ ಸರಿದು ನಿಲ್ಲಲು ನೀವು ಎಂಬ ಬೇಲಿಯೂ ಇಲ್ಲ.

"...ಉಪ್ಪು ಕೊಡ್ತೀಯಾ?" ಎಂದಳು ಹಿಲ್ಲೆವಿ.

ಮಂಗಳವಾರ ಸೊಲ್ವೆಯ ಮಾಂಸದುಂಡೆ. ಅವನ ತಾಯಿಯ ಕೈಗುಣವಂತೆ, ಅಳತೆಯೂ ಅವಳದೇ ಅಂತೆ. ಗುನ್ವೋರ್ ಪ್ರತಿ ವಾರದಂತೆ "ನಿನ್ನ ಅಮ್ಮ ಪುಣ್ಯವಂತೆ ಕಣೋ" ಎಂದಳು. ಸೊಲ್ವೆ ಪ್ರತಿ ವಾರದಂತೆ ತಲೆ ತಗ್ಗಿಸಿದ. ಆ ಇಡೀ ಮಧ್ಯಾಹ್ನ ಆಕಾಶ ಗಾಜಿನಂತೆ ನೀಲಿಯಾಗಿತ್ತು. ಜನ ಕಚೇರಿಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೆ ಒಡ್ಡಿ ನಿಂತಿದ್ದರು. ಮಾರ್ಚ್ ತಿಂಗಳ ಬಿಸಿಲು. ಅರ್ಧ ವರ್ಷ ಕತ್ತಲು ಉಂಡವರಿಗೆ ಅದೊಂದು ಹಬ್ಬ. ಹಿಲ್ಲೆವಿಯೂ ಎರಡು ನಿಮಿಷ ನಿಂತು ಮುಖ ಕಾಯಿಸಿಕೊಂಡಳು. ಆಗಲೂ ತಲೆಗೆ ಹೊಳೆಯಲಿಲ್ಲ.

ಸಂಜೆ ಮನೆಗೆ ಬಂದು ಬಾಲ್ಕನಿಯ ಬಾಗಿಲು ತೆರೆದಾಗ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ವಾಸನೆ.

ಅವಳ ಬಾಲ್ಕನಿ ದಕ್ಷಿಣಕ್ಕೆ ಮುಖ ಮಾಡಿತ್ತು, ಸುತ್ತ ಗಾಜು. ಜನವರಿಯಲ್ಲಾದರೆ ಸೂರ್ಯ ಎದುರಿನ ಗುಡ್ಡ ದಾಟಿ ಬರುವುದೇ ಇಲ್ಲ. ಈಗ ಬಂದಿದ್ದ. ಎರಡು ದಿನ, ಗಾಜಿನ ಪೆಟ್ಟಿಗೆಯಲ್ಲಿ ಕೂತು, ಅವಳ ಹದಿನಾರು ಡಬ್ಬಿಯನ್ನೂ ಕಾಯಿಸಿದ್ದ. ರಾತ್ರಿ ಗಟ್ಟಿ, ಹಗಲು ನೀರು, ಮತ್ತೆ ರಾತ್ರಿ ಗಟ್ಟಿ, ಮತ್ತೆ ಹಗಲು ನೀರು. ಮುಚ್ಚಳಗಳು ಉಬ್ಬಿ ನಿಂತಿದ್ದವು. ತಡಿಕೆಗೆ ಬಿಟ್ಟಿದ್ದ ಸಂದಿನಿಂದ ಒಂದು ಉದ್ದಬಾಲದ ಕಪ್ಪುಬಿಳಿ ಹಕ್ಕಿ ಒಳಗೆ ನುಗ್ಗಿ, ತುದಿಯ ಡಬ್ಬಿಯ ಮುಚ್ಚಳ ಕಿತ್ತು, ಸಾಸೇಜನ್ನೆಲ್ಲ ಆರಿಸಿಕೊಂಡು ಅನ್ನವನ್ನು ಬಿಟ್ಟಿತ್ತು. ಅವಳನ್ನು ಕಂಡು ಹಾರಿಹೋಗಲೂ ಇಲ್ಲ. ಕತ್ತು ಓರೆ ಮಾಡಿ, ಇನ್ನೇನಿದೆ ಎಂಬಂತೆ ನೋಡಿತು.

"ನೀನೂ ಕೂಟಕ್ಕೆ ಸೇರಿದ್ಯಾ?" ಎಂದಳು ಹಿಲ್ಲೆವಿ. ಹಕ್ಕಿಯ ಹತ್ತಿರ ಮಾತು ಎಷ್ಟು ಸಲೀಸಾಗಿ ಬರುತ್ತದೆ.

ಈ ಊರಿನಲ್ಲೇ ಹುಟ್ಟಿ ಬೆಳೆದವಳು, ಮಾರ್ಚ್ ಬಿಸಿಲನ್ನು ಮರೆತಿದ್ದಳು. ಬೇರೆ ಸೀಮೆಯಿಂದ ಬಂದವರು ಮಾಡಬಹುದಾದ ತಪ್ಪಲ್ಲ ಇದು, ಅವರಿಗೆ ಚಳಿಯ ಮೇಲೆ ಇಷ್ಟು ನಂಬಿಕೆ ಎಲ್ಲಿಂದ ಬರಬೇಕು? ಹಲ್ಲು ಕಚ್ಚಿಕೊಂಡು ಒಂದೊಂದೇ ಡಬ್ಬಿಯನ್ನು ಹಸಿಕಸದ ಕಾಗದದ ಚೀಲಕ್ಕೆ ಬಳಿದಳು. ಒಂದು ಭಾನುವಾರವನ್ನೇ ಚಮಚದಲ್ಲಿ ಕೆರೆದು ಸುರಿದಂತಿತ್ತು. ಚೀಲ ತುಂಬಿತು, ಎರಡು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಕಾಗದ ನೆನೆದು ತಳ ಬಿಟ್ಟಿತು. ಯಾರದೋ ಮನೆ ಮುಂದಿನ ಮ್ಯಾಟಿನ ಮೇಲೆ ನಾಲ್ಕು ಬುಧವಾರಗಳೂ ಒಟ್ಟಿಗೆ ಬಿದ್ದವು.

ಅಳು ಬಂದರೆ ಎಷ್ಟೋ ವಾಸಿಯಿತ್ತು. ಬರಲಿಲ್ಲ. ಬಕೆಟ್ ತಂದು ಒರೆಸಿದಳು, ಮ್ಯಾಟನ್ನು ಹಿಮದಲ್ಲಿ ತಿಕ್ಕಿದಳು, ಡಬ್ಬಿಗಳನ್ನು ತೊಳೆದಳು. ನೀಲಿ ಮುಚ್ಚಳಗಳ ಅಂಚಿನಲ್ಲಿ ಟೊಮೆಟೊದ ಕೆಂಪು ಕೂತಿದ್ದು ಎಷ್ಟು ಉಜ್ಜಿದರೂ ಹೋಗಲಿಲ್ಲ. ನಾಳೆ ಬುಧವಾರ. ನಾಲ್ಕು ಡಬ್ಬಿ ಬೇಕು. ಅಂಗಡಿ ಮುಚ್ಚಲು ಇನ್ನೂ ಸಮಯವಿತ್ತು.

ಅಂಗಡಿಯ ಫ್ರೀಜರ್ ಸಾಲಿನಲ್ಲಿ, ಸಿದ್ಧ ಊಟಗಳ ಬಾಗಿಲ ಮುಂದೆ, ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಒಬ್ಬ ಗಂಡಸು ಬಗ್ಗಿ ದೊಡ್ಡ ಚೀಲವೊಂದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಮಾಂಸದುಂಡೆಗಳ ಚೀಲ. ತಲೆಯೆತ್ತಿದಾಗ ಅದು ಸೊಲ್ವೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಚೀಲವನ್ನು ನೋಡಿದರು.

"ಅಮ್ಮನ ಕೈಗುಣ," ಎಂದಳು ಹಿಲ್ಲೆವಿ.

"ಗುನ್ವೋರ್‌ಗೆ ಹೇಳ್ಬೇಡ ಮಾರಾಯ್ತಿ."

"ಎಷ್ಟು ದಿನದಿಂದ?"

"ಮೊದಲ್ನೇ ವಾರದಿಂದ." ಸೊಲ್ವೆ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ನಮ್ಮಮ್ಮ ಅಡಿಗೆ ಮಾಡಿದ್ದೇ ನಾನು ನೋಡಿಲ್ಲ. ಅವಳು ಲಾರಿ ಓಡಿಸ್ತಿದ್ಲು. ಏನೋ ಬಾಯಿತಪ್ಪಿ ಹೇಳ್ದೆ, ಅದೇ ಕಥೆಯಾಗಿ ನಿಂತ್ಬಿಡ್ತು. ನೀನ್ಯಾಕೆ ಇಲ್ಲಿ? ನಿಂದು ಸ್ಟ್ರೋಗನಾಫ್ ಅಲ್ವಾ?"

ಹಿಲ್ಲೆವಿ ಬಾಲ್ಕನಿಯ ಕಥೆ ಹೇಳಿದಳು. ಹಕ್ಕಿಯ ಭಾಗಕ್ಕೆ ಬಂದಾಗ ಸೊಲ್ವೆಗೆ ನಗು ತಡೆಯಲಾಗಲಿಲ್ಲ, ಮ್ಯಾಟಿನ ಭಾಗಕ್ಕೆ ಬಂದಾಗ ನಗು ನಿಂತಿತು.

"ಸೊಲ್ವೆ, ನಿಂಗೆ ಬಿಟ್ಟುಬಿಡೋಣ ಅನ್ಸಿಲ್ವಾ? ಕೂಟಾನ?"

"ವಾರಕ್ಕೊಂದ್ಸಲ ಅನ್ಸುತ್ತೆ. ಸೋಮವಾರ."

"ಮತ್ತೆ?"

"ಮತ್ತೇನು? ಅವಳು ಒಳ್ಳೆಯವಳು ಕಣೆ. ಕೆಟ್ಟವಳಾಗಿದ್ದಿದ್ರೆ ಯಾವತ್ತೋ ಬಿಟ್ಟು ಹೋಗ್ತಿದ್ದೆ." ಗಾಜಿನ ಬಾಗಿಲು ತೆರೆದು ನಾಲ್ಕು ಲಸಾನ್ಯ ತೆಗೆದು ಅವಳ ಕೈಗಿಟ್ಟ. "ತಗೋ. ಡಬ್ಬಿಗೆ ಹಾಕಿ, ಮೇಲೆ ಒಂದಿಷ್ಟು ಚೀಸ್ ತುರಿದು, ಒಂದು ಅಂಚನ್ನ ಸ್ವಲ್ಪ ಸೀಯಿಸ್ಬೇಕು. ಅದೇ ಗುಟ್ಟು. ಸೀದಿದ್ರೆ ಯಾರೂ ಅನುಮಾನ ಪಡಲ್ಲ, ಮನೇಲೇ ಮಾಡಿದ್ದು ಅಂತಾರೆ."

ಬೇಡ ಎನ್ನಲು ಹಿಲ್ಲೆವಿ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಟೊಪ್ಪಿ ಎಳೆದುಕೊಂಡು ಹಣ ಕಟ್ಟುವ ಸಾಲಿಗೆ ಹೋಗಿಯಾಗಿತ್ತು.

ಬುಧವಾರ ಮೈಕ್ರೋವೇವ್ ನಾಲ್ಕು ಸಲ ಟಿಂಗ್ ಅಂದಿತು. ನಾಲ್ಕು ನೀಲಿ ಮುಚ್ಚಳ ತೆರೆದುಕೊಂಡವು. ಗುನ್ವೋರ್ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಹಿಲ್ಲೆವಿ!"

ಹಿಲ್ಲೆವಿ ಬಾಯಿಗೊಯ್ಯುತ್ತಿದ್ದ ಫೋರ್ಕನ್ನು ಅರ್ಧಕ್ಕೇ ನಿಲ್ಲಿಸಿದಳು.

"ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಕೈನ? ನೀನು ಇಲ್ಲೀವರೆಗೆ ಮಾಡಿದ್ದರಲ್ಲೆಲ್ಲ ಇದೇ ಚೆನ್ನಾಗಿರೋದು! ಅಲ್ವಾ ಯೂರ್ಸಾ?"

"ಹೌದು ಕಣೆ. ಅಂಚು ನೋಡು, ಎಷ್ಟು ಚೆನ್ನಾಗಿ ಕರಕಲಾಗಿದೆ. ಅಂಗಡೀದ್ರಲ್ಲಿ ಇದು ಬರಲ್ಲ."

ಸೊಲ್ವೆ ಕೆಮ್ಮಿದ. ಹಿಲ್ಲೆವಿಗೆ ಮೈ ಪರಚಿಕೊಳ್ಳುವಂತಾಯಿತು. ನವೆಂಬರಿನಿಂದ ಪ್ರತಿ ಬುಧವಾರ ಬೆನ್ನು ಬಗ್ಗಿಸಿ ಬೇಯಿಸಿದ್ದಳು, ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಕಾರ್ಖಾನೆಯ ಲಸಾನ್ಯಕ್ಕೆ ಕಣ್ಣು ಮುಚ್ಚುತ್ತಾರೆ. ಹೊಗಳಿಕೆ ಬೇಡವೆಂದು ಇದ್ದವಳು ನಿಜ, ಆದರೂ ಇದು ಯಾವ ಸೀಮೆಯ ನ್ಯಾಯ?

"ಇವತ್ತು ಸ್ಟ್ರೋಗನಾಫ್ ಅಂದಿದ್ದೆ ಅಲ್ವಾ?" ಎಂದಳು ಯೂರ್ಸಾ, ಮೂಲೆಯ ಚೀಸು ಕೆರೆಯುತ್ತ. "ಭಾನುವಾರ ತಿಂಗಳದ್ದೆಲ್ಲ ಮಾಡ್ತೀನಿ ಅಂದಿದ್ದೆ."

"ಮಾಡಿದ್ದೆ. ಬಾಲ್ಕನೀಲಿ ಇಟ್ಟಿದ್ದೆ. ಬಿಸಿಲಿಗೆ ಎಲ್ಲ ಹೋಯ್ತು."

"ಬಾಲ್ಕನೀಲಾ!" ಗುನ್ವೋರ್ ಫೋರ್ಕ್ ಕೆಳಗಿಟ್ಟಳು. "ಮಾರ್ಚ್‌ನಲ್ಲಾ! ಯಾಕೆ ಪುಟ್ಟಿ? ಫ್ರೀಜರಿಗೆ ಏನಾಗಿದೆ?"

"ಚಿಕ್ಕದು. ಈ ಡಬ್ಬಿ ಹೋಗಲ್ಲ."

ಆ ಮಾತು ಬಾಯಿಂದ ಬಿದ್ದ ಕೂಡಲೇ ತಾನೇನು ಮಾಡಿಕೊಂಡೆನೆಂದು ಹಿಲ್ಲೆವಿಗೆ ಅರಿವಾಯಿತು. ಗುನ್ವೋರ್‌ಳ ಮುಖದಲ್ಲಿ ಬೆಳಕು ಹರಡುತ್ತಿತ್ತು. ನವೆಂಬರಿನಲ್ಲಿ ಕಪಾಟಿನ ಹಿಂದೆ ಹರಡಿದ್ದು ಇದೇ ಬೆಳಕು.

"ಇಷ್ಟು ದಿನ ಹೇಳ್ಬಾರದಾ! ನಮ್ಮ ನೆಲಮಾಳಿಗೇಲಿ ಒಂದು ಫ್ರೀಜರ್ ಖಾಲಿ ಕೂತಿದೆ. ಪೆಟ್ಟಿಗೆ ಥರದ್ದು. ಮಕ್ಕಳೆಲ್ಲ ಮನೇಲಿದ್ದಾಗ ತಗೊಂಡಿದ್ದು, ಅರ್ಧ ಜಿಂಕೆ ಹಿಡಿಸುತ್ತೆ. ನೀನೇ ಇಟ್ಕೊ!"

"ಅಯ್ಯೋ, ಬೇಡ. ನಂದು ಒಂದೇ ಕೋಣೆ..."

"ಜಾಗದ ಚಿಂತೆ ಬಿಡು. ಮೇಲೊಂದು ಬಟ್ಟೆ ಹಾಸಿದ್ರೆ ಟೇಬಲ್ ಆಗುತ್ತೆ, ಅದರ ಮೇಲೇ ಕಾಫಿ ಕುಡಿಬಹುದು. ಸೊಲ್ವೆ, ನಿನ್ನ ಕಾರಿಗೆ ಹಿಂದೆ ಗಾಡಿ ಕಟ್ಟೋಕಾಗುತ್ತಲ್ಲ?"

"ಆಗುತ್ತೆ," ಎಂದ ಸೊಲ್ವೆ, ಹಿಲ್ಲೆವಿಯ ಕಣ್ಣು ತಪ್ಪಿಸುತ್ತ.

"ಶನಿವಾರ ತರೋಣ. ನಾನೂ ಬರ್ತೀನಿ, ಯೂರ್ಸಾ ನಿನ್ನ ಗಂಡನ್ನ ಕಳಿಸು, ಮೆಟ್ಟಿಲು ಹತ್ತಿಸೋಕೆ ಇಬ್ಬರು ಗಂಡಸರು ಬೇಕು."

"ಕಳಿಸ್ತೀನಿ. ಮನೇಲಿದ್ರೆ ಸೋಫಾನೂ ಅವನೂ ಒಂದೇ ಆಗಿರ್ತಾರೆ."

"ಆಮೇಲೆ ನೋಡು," ಗುನ್ವೋರ್ ಹಿಲ್ಲೆವಿಯ ಕೈ ಹಿಡಿದುಕೊಂಡಳು, "ಫ್ರೀಜರ್ ಇದ್ರೆ ಶುಕ್ರವಾರಾನೂ ನೀನೇ ತಗೋಬಹುದು. ಉಳಿದಿದ್ದು ಪಳಿದಿದ್ದು ತಿನ್ನೋದು ಯಾಕೆ? ಈ ಲಸಾನ್ಯ ಪ್ರತಿ ಶುಕ್ರವಾರ! ಏನಂತೀರಿ ಎಲ್ಲರೂ?"

"ನಂದು ಒಪ್ಪಿಗೆ," ಎಂದಳು ಯೂರ್ಸಾ.

ಸೊಲ್ವೆ ಉಸಿರನ್ನು ಸುಯ್ಯೆಂದು ಒಳಗೆಳೆದುಕೊಂಡ.

ಎಲ್ಲವೂ ತೀರ್ಮಾನವಾಗಿತ್ತು. ಒಂದು ಒರಟು ಮಾತಿಲ್ಲ, ಒತ್ತಾಯವಿಲ್ಲ, ನಗುನಗುತ್ತ, ಅವಳ ಕೈಯನ್ನು ಬೆಚ್ಚಗೆ ಹಿಡಿದುಕೊಂಡೇ. ಹಿಲ್ಲೆವಿಗೆ ತನ್ನ ಕೋಣೆ ಕಣ್ಣಿಗೆ ಕಟ್ಟಿತು. ಹಾಸಿಗೆಗೂ ಕಿಟಕಿಗೂ ನಡುವೆ ಬಿಳಿ ಪೆಟ್ಟಿಗೆ, ಅದರ ಮೇಲೆ ಹೂವಿನ ಬಟ್ಟೆ, ಅದರೊಳಗಿನಿಂದ ಬಿಡದೆ ಗುಂಯ್ಯೆನ್ನುವ ಸದ್ದು. ಮಧ್ಯಾಹ್ನ ಹೋಯಿತು, ಭಾನುವಾರ ಹೋಯಿತು. ಶನಿವಾರ ಮೂರು ಜನ ಬೂಟು ಕಳಚಿ ಒಳಗೆ ಬಂದು, ಎಲ್ಲಿಡೋಣ ಎಂದು ಅವಳ ಹಾಸಿಗೆಯನ್ನು ಜರುಗಿಸುತ್ತಾರೆ. ಆಮೇಲೆ ಒಬ್ಬಳೇ ಇರಲು ಉಳಿಯುವುದು ಎಲ್ಲಿ?

ಲಸಾನ್ಯ ಅಂಗಡಿಯದು ಎಂದುಬಿಡಲೇ? ಅದು ಸುಲಭ. ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಯೂರ್ಸಾ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಗುನ್ವೋರ್ "ಪಾಪ, ಫ್ರೀಜರ್ ಇಲ್ಲದ್ದಕ್ಕೆ ತಾನೇ ಹೀಗಾಗಿದ್ದು" ಎನ್ನುತ್ತಾಳೆ. ಫ್ರೀಜರು ಇನ್ನೂ ಬೇಗ, ಶುಕ್ರವಾರವೇ ಬರುತ್ತದೆ. ತಲೆನೋವು, ಅಲರ್ಜಿ, ಹೊಟ್ಟೆಯುಬ್ಬರ, ಡಾಕ್ಟರು ಬೇಡ ಅಂದಿದ್ದಾರೆ, ಮನೆ ಬದಲಾಯಿಸುತ್ತೇನೆ. ಒಂದೊಂದೇ ನೆಪವನ್ನು ತೆಗೆದು ನೋಡಿದಳು. ಪ್ರತಿಯೊಂದಕ್ಕೂ ಗುನ್ವೋರ್‌ಳ ಹತ್ತಿರ ಒಂದು ಮದ್ದು, ಒಂದು ಡಬ್ಬಿ, ಒಂದು ಗಾಡಿ ಇದ್ದೇ ಇರುತ್ತದೆ. ಸುಳ್ಳಿಗೆಲ್ಲ ಅವಳಲ್ಲಿ ಪರಿಹಾರವಿತ್ತು.

"ಯಾಕೆ ಪುಟ್ಟಿ, ಮುಖ ಹೀಗೆ ಬಿಳಿಚ್ಕೊಂಡಿದೆ?" ಎಂದಳು ಗುನ್ವೋರ್. "ಖುಷಿಯಾಯ್ತಾ?"

ಮೂರೂ ಜನ ನೋಡುತ್ತಿದ್ದರು. ಪಕ್ಕದ ಟೇಬಲ್ಲಿನವರೂ ತಿರುಗಿದ್ದರು. ಹಿಲ್ಲೆವಿ ಮೆಲ್ಲಗೆ, ನೋವಾಗದ ಹಾಗೆ, ತನ್ನ ಕೈಯನ್ನು ಗುನ್ವೋರ್‌ಳ ಕೈಯಿಂದ ಬಿಡಿಸಿಕೊಂಡಳು. ಆ ಕೈ ಟೇಬಲ್ಲಿನ ಮೇಲೆ ಖಾಲಿಯಾಗಿ, ಏನಾಯಿತೆಂದು ತಿಳಿಯದೆ ಮಲಗಿತ್ತು. ಅದನ್ನು ನೋಡಿ ಹಿಲ್ಲೆವಿಗೆ ಸಂಕಟವಾಯಿತು. ಆ ಸಂಕಟವನ್ನು ಹಾಗೇ ಇರಗೊಟ್ಟಳು.

"ನಂಗೆ ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡೋದು ಇಷ್ಟ, ಗುನ್ವೋರ್," ಎಂದಳು.